ನಾಯಕಿಯ ಸೊಂಟದ ಅಳತೆ

ಕಳೆದ ವರ್ಷ ಒಂದು ವಾರಪತ್ರಿಕೆ ನಮ್ಮ ಕಥೆಯೊಂದನ್ನು ಪ್ರಕಟಿಸಿತು. ಕಥೆಯ ನಾಯಕಿ 31 ವರ್ಷದ, ಮನೆಯಲ್ಲೇ ಬಟ್ಟೆ ಹೊಲಿಯುವ, 88 ಕೆ.ಜಿ. ತೂಕದ ಹೆಣ್ಣು. ತೂಕವನ್ನು ಮೊದಲ ಪ್ಯಾರಾದಲ್ಲೇ ಹೇಳಿದ್ದೆವು. ಅವಳನ್ನು ಇಷ್ಟಪಡುವ ಟೊಮೆಟೊ ಮಂಡಿಯ ಗುಮಾಸ್ತ, ಅವನ ತಾಯಿ, ಇವಳ ಅಣ್ಣ, ಎಲ್ಲರ ಮಾತೂ ಆ ತೂಕದ ಸುತ್ತಲೇ ತಿರುಗುತ್ತದೆ. ಪತ್ರಿಕೆ ಕೈಗೆ ಬಂತು. ನೋಡಿದರೆ ಹೊಲಿಗೆ ಯಂತ್ರದ ಮುಂದೆ ಕೂತಿರುವವಳು ಬಳುಕುವ ಬಳ್ಳಿ! ಜಾರಿದ ದುಪಟ್ಟಾ, ನೀಳ ಕತ್ತು, ಒಂದು ಹಿಡಿಯಲ್ಲಿ ಹಿಡಿಸುವ ಸೊಂಟ. ಫೋನ್ ಮಾಡಿ ಕೇಳಿದೆವು. "ಕಲಾವಿದರು ಕಥೆ ಓದಿಯೇ ಬರೆದಿದ್ದಾರೆ ಮೇಡಂ. ಆದರೆ ಲವ್ ಸ್ಟೋರಿ ಅಲ್ಲವೇ, ಪುಟ ನೋಡಲು ಚೆನ್ನಾಗಿರಬೇಕಲ್ಲ" ಎಂಬ ಉತ್ತರ ಬಂತು.

ಆ ಉತ್ತರದಲ್ಲಿ ದುರುದ್ದೇಶವೇನೂ ಇರಲಿಲ್ಲ. ನಮಗೆ ಹೆಚ್ಚು ನೋವಾದದ್ದೇ ಅದರಿಂದ. ಪ್ರೇಮವೆಂದರೆ ಸಪೂರ ಹೆಣ್ಣಿನ ಪಾಲಿನದು, ದಪ್ಪಗಿರುವವಳಿಗೆ ಬೇಕಾದರೆ ಕರುಣೆ ಇದೆ, ನಗೆಯಿದೆ, ಅಡುಗೆಮನೆಯಿದೆ ಎಂಬುದು ನಮ್ಮ ಓದಿನ ಲೋಕದಲ್ಲಿ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಬರೆದವರು ಅಕ್ಷರದಲ್ಲಿ 88 ಎಂದು ಬರೆದುಕೊಟ್ಟರೂ ಕುಂಚ ತನ್ನಷ್ಟಕ್ಕೆ ತಾನೇ 45 ಕೆ.ಜಿ.ಗೆ ಇಳಿಸಿಬಿಡುತ್ತದೆ.

ಈ ಮಾತನ್ನು ಕೋಲಾರದ ಒಂದು ಸಾಹಿತ್ಯ ಗೋಷ್ಠಿಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತು, "ಇದು ಹೊಟ್ಟೆ ತುಂಬಿದವರ ಸಮಸ್ಯೆ. ಅಮೆರಿಕದಿಂದ ಬಂದ ಫ್ಯಾಶನ್. ಬರಗಾಲದ ಜಿಲ್ಲೆಯಲ್ಲಿ ಕೂತು ನೀವು ದಪ್ಪ ನಾಯಕಿಗೆ ಕಣ್ಣೀರು ಹಾಕಬೇಕೆ?" ಎಂದರು. ಸಭೆ ನಕ್ಕಿತು. ನಾವೂ ನಕ್ಕೆವು, ಅದು ನಮ್ಮ ಹಳೆಯ ಅಭ್ಯಾಸ. ಚಿಕ್ಕಂದಿನಿಂದ ನಮ್ಮನ್ನು 'ಮೋಟಿ' ಎಂದು ಕರೆದವರ ಜೊತೆ ಸೇರಿ ನಗುವುದನ್ನು ಕಲಿತವರು ನಾವು. ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೊಟ್ಟೆ ತುಂಬಿದವರ ವಿಚಾರ. ಗೌನಿಪಲ್ಲಿಯ ಯಾವುದಾದರೂ ಮೊಹಲ್ಲಾಕ್ಕೆ ಬಂದು ನೋಡಿ. ದಪ್ಪಗಿರುವವರು ಸಾಹುಕಾರರ ಮನೆಯ ಹೆಂಗಸರೇನಲ್ಲ. ಸಾಹುಕಾರರ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ ಜಿಮ್ಮಿಗೆ ಹೋಗುತ್ತಾರೆ. ಇಲ್ಲಿ ದಪ್ಪಗಾಗುವವರು ಬೆಳಗಿನಿಂದ ಇಶಾ ನಮಾಝಿನವರೆಗೆ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಕೂರುವವರು; ಪಡಿತರದ ಅಕ್ಕಿ, ಪಾಮೋಲಿನ್ ಎಣ್ಣೆ, ಹಸಿವು ಮರೆಸಲು ಸಕ್ಕರೆ ಜಾಸ್ತಿ ಹಾಕಿದ ಟೀ ಇವುಗಳ ಮೇಲೆ ದಿನ ದೂಡುವವರು; ನಾಲ್ಕು ಹೆರಿಗೆಯಾದವರು; ಥೈರಾಯ್ಡ್ ಇದೆಯೆಂದು ಹತ್ತು ವರ್ಷ ತಡವಾಗಿ ತಿಳಿದವರು. ರಾಗಿ ಮುದ್ದೆಯ ಸೀಮೆ ನಮ್ಮದು. ಈಗ ಬಡವರ ತಟ್ಟೆಯಲ್ಲಿ ಮುದ್ದೆ ಚಿಕ್ಕದಾಗಿದೆ, ಅನ್ನ ದೊಡ್ಡದಾಗಿದೆ. ಬೆಳಿಗ್ಗೆ ಎದ್ದು ರಸ್ತೆಯಲ್ಲಿ ನಡೆಯಿರಿ ಎನ್ನುತ್ತಾರೆ ಡಾಕ್ಟರು. ಮದುವೆಯಾಗದ ಹುಡುಗಿ ಬೆಳಿಗ್ಗೆ ಆರಕ್ಕೆ ಒಬ್ಬಳೇ ಮದನಪಲ್ಲಿ ರಸ್ತೆಯಲ್ಲಿ ನಡೆದು ಬಂದರೆ ಏಳಕ್ಕೆ ಊರೆಲ್ಲ ಸುದ್ದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ಅಧಿಕ ತೂಕದವರು. ಕರ್ನಾಟಕದಲ್ಲಿ ಈ ಸಂಖ್ಯೆ ನೂರಕ್ಕೆ 30. ಅಂದರೆ ಕನ್ನಡ ಕಾದಂಬರಿ ಓದುವ ವಯಸ್ಸಿನ ಹತ್ತು ಹೆಂಗಸರಲ್ಲಿ ಮೂವರು. ಆ ಮೂವರಿಗೆ ನಮ್ಮ ಪ್ರೇಮ ಕಾದಂಬರಿಗಳು ಒಂದೇ ಒಂದು ಕುರ್ಚಿಯನ್ನೂ ಹಾಕಿಲ್ಲ.

ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಹೈಸ್ಕೂಲಿಗೆ ಕನ್ನಡಕ್ಕೆ ಬಂದವರು. ಬೀದಿಯ ಭಾಷೆ ತೆಲುಗು. ಹಾಗಾಗಿ ನಮ್ಮ ಹರೆಯ ಮೂರು ಭಾಷೆಯ ಪ್ರೇಮ ಕಥೆಗಳಲ್ಲಿ ಕಳೆಯಿತು. ಖಾಲಾ ಮನೆಯ ಟ್ರಂಕಿನಲ್ಲಿ ದೆಹಲಿಯ 'ಬಾನೊ', 'ಪಾಕೀಜಾ ಆಂಚಲ್' ಸಂಚಿಕೆಗಳು, ರಜಿಯಾ ಬಟ್ ಅವರ ಹರಕಲು ಕಾದಂಬರಿಗಳು. ಪಕ್ಕದ ಮನೆಯ ಅಕ್ಕನ ಬಳಿ ಯದ್ದನಪೂಡಿ ಸುಲೋಚನಾರಾಣಿಯವರ 'ಸೆಕ್ರೆಟರಿ'. ಆ ಕಾದಂಬರಿಯ ರಾಜಶೇಖರನಂಥ ಗಂಡಿಗಾಗಿ ಗಡಿಯ ಆಚೆ ಈಚೆ ಒಂದಿಡೀ ತಲೆಮಾರು ಕಾದು ಕೂತಿತ್ತು. ಇನ್ನು ಬಾಡಿಗೆ ಲೈಬ್ರರಿಯಿಂದ 'ರಾಗಸಂಗಮ', 'ಮಂಗಳ', 'ಸುಧಾ', 'ತರಂಗ'ಗಳ ಧಾರಾವಾಹಿಗಳು. ಮೂರು ಭಾಷೆ, ಮೂರು ಲಿಪಿ, ನಾಯಕಿ ಮಾತ್ರ ಒಬ್ಬಳೇ. ನೀಳ ಜಡೆ, ತೆಳ್ಳನೆ ಮೈ. ಗಾಳಿ ಬೀಸಿದರೆ ಅವಳ ಸೆರಗು ಹಾರುತ್ತದೆ, ಜ್ವರ ಬಂದರೆ ಇನ್ನಷ್ಟು ಚೆಲುವೆಯಾಗುತ್ತಾಳೆ. ದಪ್ಪಗಿರುವವಳು ಇಲ್ಲವೇ ಇಲ್ಲವೆಂದಲ್ಲ. ಅವಳು ನಾಯಕಿಯ ಗೆಳತಿ. ಹಾಸ್ಟೆಲಿನಲ್ಲಿ ಚಕ್ಕುಲಿ ಡಬ್ಬ ಕದಿಯುವವಳು. ನಾಯಕನ ಅತ್ತಿಗೆ. ಎಲೆ ಅಡಿಕೆ ಜಗಿಯುವ ಬೇಗಂ. ನಾಯಕಿಗೆ ಪತ್ರ ತಂದುಕೊಟ್ಟು ಬಾಗಿಲ ಹೊರಗೆ ಕಾಯುವವಳು.

ಇದು ಹೊಸ ಕಾಯಿಲೆಯೇನಲ್ಲ. ಕನ್ನಡ ಕಾವ್ಯದಲ್ಲಿ ಹೆಣ್ಣಿಗೆ ಒಂದು ಪರ್ಯಾಯ ಪದವೇ 'ತಳೋದರಿ', ತೆಳ್ಳನೆ ಹೊಟ್ಟೆಯವಳು. 'ಬಡನಡು' ಎಂಬ ಪದದಲ್ಲಿ ಸೊಂಟಕ್ಕೂ ಬಡತನ ಬಂದಿದೆ. ಉರ್ದು ಗಝಲ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮಾಶೂಕಳಿಗೆ ಸೊಂಟವೇ ಇಲ್ಲ! ಕೂದಲಿಗಿಂತ ತೆಳು ಎಂದು ಒಬ್ಬ ಶಾಯರ್ ಹೇಳಿದರೆ, ಇದೆಯೋ ಇಲ್ಲವೋ ಎಂದು ಮತ್ತೊಬ್ಬ ಹುಡುಕಾಡುತ್ತಾನೆ, ಅದು ಬರೀ ಶೂನ್ಯ ಎಂದು ಮೂರನೆಯವನು ತೀರ್ಮಾನಿಸುತ್ತಾನೆ. ಮುಶಾಯಿರಾದಲ್ಲಿ ವಾಹ್ ವಾಹ್ ಎಂದವರಲ್ಲಿ ನಾವೂ ಇದ್ದೇವೆ. ಆದರೂ ಬೇಲೂರು ಹಳೇಬೀಡಿನ ಶಿಲ್ಪಿ ಆ ಬಡನಡುವಿನ ಮೇಲೆ ಕೆಳಗೆ ಮೈತುಂಬಿದ ಹೆಣ್ಣನ್ನೇ ಕಡೆದ. ತಮಾಷೆಯೆಂದರೆ ಆ ಶಿಲಾಬಾಲಿಕೆಯರು ಇಂದು ಜೀವ ತಳೆದು ಬಂದರೆ ನಮ್ಮ ವಾರಪತ್ರಿಕೆಯ ಧಾರಾವಾಹಿಯಲ್ಲಿ ಅವರಿಗೆ ಗೆಳತಿಯ ಪಾತ್ರವಷ್ಟೇ ಸಿಕ್ಕೀತು.

ನಮ್ಮ ಜನಪ್ರಿಯ ಕಾದಂಬರಿ ಧೈರ್ಯವಿಲ್ಲದ್ದು ಎಂದು ಹೇಳುತ್ತಿಲ್ಲ. ಧೈರ್ಯವಿತ್ತು ಎಂಬುದೇ ನಮ್ಮ ತಕರಾರು. ತ್ರಿವೇಣಿಯವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲೇ 'ಹಣ್ಣೆಲೆ ಚಿಗುರಿದಾಗ' ಬರೆದು ವಿಧವೆಗೆ ಮರುಬದುಕು ಕೇಳಿದರು. 'ಶರಪಂಜರ' ಬರೆದು ಬಾಣಂತನದಲ್ಲಿ ಮನಸ್ಸು ಕೆಟ್ಟವಳ ಪರ ನಿಂತರು. 'ಬೆಳ್ಳಿಮೋಡ'ದ ಇಂದಿರೆ, ಆಸ್ತಿ ನೋಡಿ ಬಂದು ಆಸ್ತಿ ತಪ್ಪಿದಾಗ ಬಿಟ್ಟು ಹೋದ ಗಂಡನ್ನು ತಿರುಗಿ ಬಂದಾಗ ಒಲ್ಲೆನೆಂದಳು. ಉರ್ದುವಿನಲ್ಲಿ ಡೆಪ್ಯುಟಿ ನಝೀರ್ ಅಹ್ಮದ್ ಅವರ 'ಮಿರಾತುಲ್ ಉರೂಸ್' 1869ರಲ್ಲೇ ಬಂತು. ಅದರ ಅಸ್ಗರಿ ಚೆಲುವಿನಿಂದಲ್ಲ, ಬುದ್ಧಿಯಿಂದ ಮನೆ ಗೆದ್ದವಳು. ವಿಧವೆಗೆ ಜಾಗ ಸಿಕ್ಕಿತು, ಮನೋರೋಗಿಗೆ ಸಿಕ್ಕಿತು, ತಲಾಖ್ ಆದವಳಿಗೆ ಸಿಕ್ಕಿತು. ಮೈ ಬೆಳೆದವಳು ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.

ಇಲ್ಲಿ ಸ್ವಲ್ಪ ನಮ್ಮ ಮನೆಯ ಕಸವನ್ನೂ ಗುಡಿಸಬೇಕು. ಕನ್ನಡದಲ್ಲಿ ಮುಸ್ಲಿಂ ಹೆಣ್ಣನ್ನು ಬರೆದವರು ನಾವೇ. ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ನಾದಿರಾಳ ನೋವು ಕನ್ನಡಕ್ಕೆ ಹೊಸದು. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದವು. ಅವರಿಗೆ ಸಲಾಂ. ಆದರೆ ಅವರ ಹಿಂದೆ ಬಂದ ನಮ್ಮಂಥವರು ಮಾಡಿದ್ದೇನು? ನೋವನ್ನು ಒಂದು ಅಚ್ಚು ಮಾಡಿಕೊಂಡೆವು. ಮುಸ್ಲಿಂ ಹೆಣ್ಣೆಂದರೆ ಗುಳಿ ಬಿದ್ದ ಕಣ್ಣು, ಮೂಳೆ ಕಾಣುವ ಕೊರಳು, ಬಾಗಿಲ ಪರದೆಯ ಹಿಂದೆ ಕೆಮ್ಮು. ಇಸ್ಮತ್ ಚುಗ್ತಾಯಿಯವರ 'ಚೌಥಿ ಕಾ ಜೋಡಾ'ದ ಕುಬ್ರಾ ಮದುವೆ ಕಾದು ಕಾದು ಸವೆದು ಸಾಯುತ್ತಾಳೆ. ಅದು ಮಹಾ ಕಥೆ, ಆದರೆ ನಾವು ಅದರಿಂದ ಕಲಿತದ್ದು ಸವೆಯುವುದನ್ನು ಮಾತ್ರ. ನಾವು ಇದುವರೆಗೆ ಪ್ರಕಟಿಸಿದ ಕಥೆಗಳನ್ನು ಮೊನ್ನೆ ತೆಗೆದು ನೋಡಿದೆವು. ನಮ್ಮ ಹೆಣ್ಣುಗಳಲ್ಲಿ ಒಬ್ಬಳೂ ಎರಡನೇ ಸಲ ಅನ್ನ ಬಡಿಸಿಕೊಂಡಿಲ್ಲ. ಒಬ್ಬಳೂ ಬಾಯಿ ತುಂಬ ನಕ್ಕಿಲ್ಲ. ಮೈತುಂಬಿದವಳು ಇದ್ದರೆ ಅವಳು ಅತ್ತೆ, ಸೊಸೆಯ ಪ್ರಾಣ ಹಿಂಡುವವಳು. ಹೆಣ್ಣಿಗೆ ಕನಿಕರ ಸಿಗಬೇಕಾದರೆ ಅವಳು ಮೊದಲು ಸೊರಗಬೇಕು ಎಂಬ ಶರತ್ತನ್ನು ನಮಗೆ ಹಾಕಿದವರು ಯಾರು? ನಲವತ್ತು ದಾಟಿದ, ಎಂದೂ ಸೊರಗದ ನಾವೇ ಅದನ್ನು ಬರೆದುಕೊಂಡು ಬಂದೆವಲ್ಲ!

ಬುರ್ಖಾ ಹಾಕಿದರೆ ಗಾತ್ರ ಕಾಣುವುದಿಲ್ಲ, ನಿಮಗೇನು ಚಿಂತೆ ಎಂದು ಕೇಳಿದ ಪುಣ್ಯಾತ್ಮರೂ ಇದ್ದಾರೆ. ಅವರು ಹುಡುಗಿ ನೋಡಲು ಬರುವ ಹೆಂಗಸರನ್ನು ನೋಡಿಲ್ಲ. ಜುಮೇರಾತ್ ಸಂಜೆ ನಾಲ್ಕು ಜನ ಬರುತ್ತಾರೆ. ಬುರ್ಖಾ ತೆಗೆಸುತ್ತಾರೆ. ಶರಬತ್ತು ತರುವ ನೆಪದಲ್ಲಿ ನಡೆಸುತ್ತಾರೆ. ನೆಲದ ಮೇಲೆ ಕೂರಿಸಿ ಏಳಿಸುತ್ತಾರೆ, ಏಳುವಾಗ ಕೈ ಊರಿದಳೇ ಎಂದು ನೋಡಲು. ಹೊರಡುವಾಗ ಏನೂ ಹೇಳುವುದಿಲ್ಲ. ಎರಡು ದಿನದ ಬಳಿಕ ಮಧ್ಯಸ್ಥಗಾರ್ತಿ ಬಂದು, "ಬಚ್ಚಿ ಅಚ್ಛೀಚ್ ಹೈ, ಮಗರ್ ಜರಾ ಬದನ್ ಭಾರಿ ಹೈ ಕತೆ" ಎನ್ನುತ್ತಾಳೆ. ಆ 'ಕತೆ' ಎಂಬ ದಖನಿ ಬಾಲಂಗೋಚಿಯಲ್ಲಿ ಯಾರ ಮೇಲೂ ಹೊಣೆಯಿಲ್ಲ. ಯಾರೋ ಹೇಳಿದರಂತೆ, ಅಷ್ಟೇ. ನಂತರ ನಿಜವಾದ ಲೆಕ್ಕ ಶುರು. ಜೋಡೆ ಕಿ ರಖಂ ಇಷ್ಟು ಹೆಚ್ಚಿಸಿದರೆ ನೋಡಬಹುದು, ಜೊತೆಗೆ ಒಂದು ಗಾಡಿ. ಹುಡುಗಿಯ ಪ್ರತಿ ಹತ್ತು ಕೆ.ಜಿ.ಗೂ ಒಂದು ಬೆಲೆಯಿದೆ ನಮ್ಮಲ್ಲಿ. ಆ ಬೆಲೆ ಕಟ್ಟಲು ಅಪ್ಪ ಮಾವಿನ ತೋಪಿನ ಫಸಲನ್ನು ಮುಂಗಡಕ್ಕೆ ಮಾರುತ್ತಾನೆ. ಮಹರ್ ಗಂಡು ಕೊಡಬೇಕಾದದ್ದು ಎಂಬುದು ನಿಕಾಹ್ ದಿನ ಮೈಕಿನಲ್ಲಿ ಮಾತ್ರ ಕೇಳಿಸುತ್ತದೆ. ನಮ್ಮ ಬಳಗದಲ್ಲೇ ಒಬ್ಬ ಹುಡುಗಿ ಅಂಗಡಿಯ ಯಾವುದೋ ಪುಡಿ ಕುಡಿದು ತೂಕ ಇಳಿಸಲು ಹೋಗಿ ಎರಡು ತಿಂಗಳು ಹಾಸಿಗೆ ಹಿಡಿದಳು. ಮದುವೆ ನಿಂತುಹೋಯಿತು. ಈಗ ಕಾಯಿಲೆಯ ಹುಡುಗಿ ಎಂಬ ಹೆಸರೂ ಸೇರಿದೆ. ಹಾಸಿಗೆಯಲ್ಲಿ ಅವಳು ಓದುತ್ತಿದ್ದದ್ದು ಪ್ರೇಮ ಕಾದಂಬರಿಗಳನ್ನೇ. ಅವುಗಳಲ್ಲಿ ಒಂದಾದರೂ ಅವಳಂಥವಳ ಪಕ್ಕದಲ್ಲಿ ಕೂತಿದ್ದರೆ ಎಂದು ನಮಗೆ ಅನಿಸಿದ್ದು ಅಂದೇ.

ಇನ್ನು ಅಮೆರಿಕದ ಫ್ಯಾಶನ್ ಎಂಬ ಮಾತು. ಇಂಗ್ಲಿಷ್ ಪುಸ್ತಕಗಳನ್ನು ತರಿಸಿ ಓದಿದೆವು. 1996ರ 'ಬ್ರಿಜೆಟ್ ಜೋನ್ಸಸ್ ಡೈರಿ'ಯ ನಾಯಕಿ ದಿನವೂ ತೂಕ ಬರೆದಿಟ್ಟು ಗೋಳಾಡುತ್ತಾಳೆ. ಲೆಕ್ಕ ಹಾಕಿದರೆ ಆಕೆ ಅರವತ್ತು ಕೆ.ಜಿ.ಯ ಆಸುಪಾಸು! ಗೌನಿಪಲ್ಲಿಯಲ್ಲಿ ಅವಳನ್ನು ಬಡಕಲಿ ಎನ್ನುತ್ತಾರೆ. 2001ರಲ್ಲಿ ಜೆನಿಫರ್ ವೀನರ್ ಬರೆದ 'ಗುಡ್ ಇನ್ ಬೆಡ್'ನಲ್ಲಿ ನಿಜವಾಗಿಯೂ ದಪ್ಪಗಿರುವ ನಾಯಕಿ ಬಂದಳು. ಹಿಂದಿನ ಗೆಳೆಯ ತನ್ನ ಗಾತ್ರದ ಬಗ್ಗೆ ಪತ್ರಿಕೆಯಲ್ಲಿ ಅಂಕಣ ಬರೆದದ್ದನ್ನು ಅವಳು ಓದಬೇಕಾಗುತ್ತದೆ. ಜೆನಿಫರ್ ಕ್ರೂಸಿಯವರ 'ಬೆಟ್ ಮಿ' (2004), ಜೂಲಿ ಮರ್ಫಿಯವರ 'ಡಂಪ್ಲಿನ್' (2015), ಟಾಲಿಯಾ ಹಿಬರ್ಟ್ ಅವರ 'ಗೆಟ್ ಎ ಲೈಫ್, ಕ್ಲೋಯಿ ಬ್ರೌನ್' (2019) ಹೀಗೆ ಸಾಲು ಬೆಳೆಯಿತು. ಹೆಚ್ಚು ಕುತೂಹಲದ್ದು 'ಬ್ರಿಜರ್ಟನ್' ಕಥೆ. 2002ರ ಮೂಲ ಕಾದಂಬರಿಯಲ್ಲಿ ಪೆನೆಲೊಪಿ ಎಂಬ ದುಂಡು ಹುಡುಗಿ ಪ್ರೇಮದ ಸರದಿ ಬರುವ ಹೊತ್ತಿಗೆ ತೂಕ ಇಳಿಸಿಕೊಂಡಿರುತ್ತಾಳೆ. 2024ರಲ್ಲಿ ಅದು ಪರದೆಗೆ ಬಂದಾಗ ನಟಿ ನಿಕೋಲಾ ಕಾಫ್ಲನ್ ಇದ್ದ ಹಾಗೆಯೇ ನಾಯಕಿಯಾದರು. ಇಪ್ಪತ್ತೆರಡು ವರ್ಷದಲ್ಲಿ ಓದುಗರು, ನೋಡುಗರು ಅಷ್ಟು ದೂರ ಬಂದರು.

ಹಾಗೆಂದು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. 'ಪ್ಲಸ್ ಸೈಜ್' ಎಂಬುದು ಬಟ್ಟೆ ಅಂಗಡಿಯ ಪದ. ಮಾರುವವನಿಗೆ ಗಿರಾಕಿಯ ಅಳತೆ ಬೇಕು. ಆ ಜಾತಿಯ ಬಹಳಷ್ಟು ಕಾದಂಬರಿಗಳಲ್ಲಿ ಒಂದು ಮೋಸವಿದೆ. ಶ್ರೀಮಂತ, ಅಗಲ ಎದೆಯ, ಹೊಟ್ಟೆಯೇ ಇಲ್ಲದ ಗಂಡು ಬಂದು 'ನೀನು ಇರುವ ಹಾಗೆಯೇ ಚೆಂದ' ಎಂದು ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಅವಳಿಗೆ ಕನ್ನಡಿ ಒಲಿಯುವುದು. ಬೆಂಗಳೂರಿನ 'ಪ್ರತಿಲಿಪಿ'ಯಂಥ ಕಡೆ ಬರೆಯುತ್ತಿರುವ ನಮ್ಮ ಹುಡುಗಿಯರೂ ಇದೇ ದಾರಿ ಹಿಡಿದರೆ, ರಾಜಶೇಖರ ಮತ್ತೆ ಅದೇ ಕಾರಿನಲ್ಲಿ ಬಂದು ಇಳಿಯುತ್ತಾನೆ, ಸೀಟು ಮಾತ್ರ ಸ್ವಲ್ಪ ಅಗಲವಾಗಿರುತ್ತದೆ.

ಸಿನಿಮಾ ಇನ್ನೂ ಚಾಲಾಕಿ. 2015ರ 'ದಮ್ ಲಗಾ ಕೆ ಹೈಶಾ'ವನ್ನು ನಾವು ಎರಡು ಸಲ ನೋಡಿ ಅತ್ತಿದ್ದೇವೆ. ಆದರೆ ಭೂಮಿ ಪೆಡ್ನೇಕರ್ ಆ ಪಾತ್ರಕ್ಕಾಗಿ ತೂಕ ಹೆಚ್ಚಿಸಿಕೊಂಡರು, ಆಮೇಲೆ ಇಳಿಸಿಕೊಂಡರು. ಪತ್ರಿಕೆಗಳು ಚಿತ್ರಕ್ಕಿಂತ ಇಳಿಸಿದ ಬಗೆಯನ್ನೇ ಹೆಚ್ಚು ಬರೆದವು. ಅದೇ ವರ್ಷ ಮಂಗಳೂರಿನ ಮಗಳು ಅನುಷ್ಕಾ ಶೆಟ್ಟಿ ತೆಲುಗಿನ 'ಸೈಜ್ ಜೀರೊ'ಗಾಗಿ ಮೈ ಬೆಳೆಸಿಕೊಂಡರು. ದಪ್ಪ ಪಾತ್ರ ಬೇಕು, ದಪ್ಪ ನಟಿ ಬೇಡ. ಕನ್ನಡದಲ್ಲಿ ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' (2017) ಈ ವಿಚಾರದಲ್ಲಿ ಪ್ರಾಮಾಣಿಕವಾದದ್ದು. ಬೋಳುತಲೆಯೆಂದು ಎಲ್ಲರೂ ಬೇಡವೆಂದ ಕನ್ನಡ ಮೇಷ್ಟ್ರು, ಎದುರಿಗೆ ದಪ್ಪ ಹುಡುಗಿ ಬಂದಾಗ ತಾನೇ ಮುಖ ಹಿಂಡುತ್ತಾನೆ. ತಿರಸ್ಕೃತನೂ ತಿರಸ್ಕರಿಸುವವನೇ ಎಂದು ತೋರಿಸಲು ಆ ಚಿತ್ರ ಹೆದರಲಿಲ್ಲ. ಉಮಾಶ್ರೀಯವರನ್ನು ನೆನೆಯಿರಿ. ವರ್ಷಗಟ್ಟಲೆ ಅವರ ಮೈಯನ್ನು ದ್ವಂದ್ವಾರ್ಥದ ನಗೆಗೆ ದುಡಿಸಿಕೊಂಡಿತು ನಮ್ಮ ಚಿತ್ರರಂಗ. ವೈದೇಹಿಯವರ ಕಥೆಯಿಂದ ಗಿರೀಶ್ ಕಾಸರವಳ್ಳಿ ಮಾಡಿದ 'ಗುಲಾಬಿ ಟಾಕೀಸ್'ನಲ್ಲಿ ಅವರು ಸೂಲಗಿತ್ತಿ ಗುಲಾಬಿಯಾದರು, ಸಿನಿಮಾ ಹುಚ್ಚಿನ ಒಬ್ಬ ಮುಸ್ಲಿಂ ಹೆಣ್ಣು. ರಾಷ್ಟ್ರ ಪ್ರಶಸ್ತಿಯೂ ಬಂತು. ಅಲ್ಲಿಯೂ ಗುಲಾಬಿ ಗಂಡ ಬಿಟ್ಟವಳು. ಪ್ರೇಮ ಅವಳ ಪಾಲಿಗೆ ಬಂದದ್ದು ಟಿ.ವಿ. ಪೆಟ್ಟಿಗೆಯಲ್ಲಿ ಮಾತ್ರ.

ಕೊನೆಗೆ ಆರೋಗ್ಯದ ಮಾತು. ದಪ್ಪಗಿರುವುದನ್ನು ವೈಭವೀಕರಿಸಬೇಡಿ, ಸಕ್ಕರೆ ಕಾಯಿಲೆ ಬರುತ್ತದೆ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಬರುತ್ತದೆ, ನಿಜ. ನಮ್ಮ ಮನೆಯಲ್ಲೇ ಇದೆ. ಆದರೆ ದೇವದಾಸ ಕುಡಿದು ಕುಡಿದು ಸತ್ತಾಗ ಯಾರೂ ಲಿವರಿನ ಮಾತೆತ್ತಲಿಲ್ಲ. ಕ್ಷಯ ಹಿಡಿದು ಕರ್ಚೀಫಿಗೆ ರಕ್ತ ಕೆಮ್ಮುವ ನಾಯಕಿಗಾಗಿ ಮೂರು ತಲೆಮಾರು ಅತ್ತಿದೆ. ಇದು ಅನಾರೋಗ್ಯಕ್ಕೆ ಪ್ರೋತ್ಸಾಹ ಎಂದು ಒಬ್ಬ ವಿಮರ್ಶಕನೂ ಬರೆಯಲಿಲ್ಲ. ಪ್ರೇಮ ಕಥೆಯನ್ನು ಡಾಕ್ಟರ ಚೀಟಿ ತಂದವರಿಗೆ ಮಾತ್ರ ಕೊಡಬೇಕೆಂಬ ನಿಯಮ ದಪ್ಪಗಿರುವವಳ ಸರದಿ ಬಂದಾಗ ಮಾತ್ರ ಏಕೆ ನೆನಪಾಗುತ್ತದೆ?

ಧರ್ಮದ ಹೆಸರಿನಲ್ಲಿ ಹೆಣ್ಣಿನ ಮೈ ಬಗ್ಗೆ ಮಾತಾಡಲೇಬಾರದು ಎನ್ನುವ ನಮ್ಮವರಿಗೆ ಒಂದು ನೆನಪು. ಅಬೂದಾವೂದರ ಸಂಗ್ರಹದಲ್ಲಿರುವ ಹದೀಸಿನಲ್ಲಿ ಹಝ್ರತ್ ಆಯಿಶಾ(ರ) ತಾವೇ ಹೇಳುತ್ತಾರೆ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ)ಯವರ ಜೊತೆ ಓಟದ ಪಂದ್ಯ ಕಟ್ಟಿ ಅವರು ಗೆದ್ದರು. ಕಾಲ ಕಳೆದು ಮೈ ತುಂಬಿಕೊಂಡ ಮೇಲೆ ಮತ್ತೆ ಓಡಿದಾಗ ಪ್ರವಾದಿ(ಸ) ಗೆದ್ದು, ಅದಕ್ಕೆ ಇದು ಸಮವಾಯಿತು ಎಂದರು. ಗಂಡ ಹೆಂಡಿರ ನಡುವಿನ ಇಂಥ ಸಲಿಗೆಯ ಚಿತ್ರ ಇನ್ನೊಂದಿದ್ದರೆ ತೋರಿಸಿ. ಹೆಂಡತಿ ತನ್ನ ಮೈ ಬೆಳೆದದ್ದನ್ನು ನಾಚದೆ ಹೇಳುತ್ತಾಳೆ, ಗಂಡ ಅವಳನ್ನು ಮತ್ತೆ ಓಡಲು ಕರೆಯುತ್ತಾನೆ. ಜುಮಾ ಖುತ್ಬಾದಲ್ಲಿ ಈ ಹದೀಸನ್ನು ಎಷ್ಟು ಸಲ ಕೇಳಿದ್ದೀರೆಂದು ನಿಮ್ಮ ಮನೆಯ ಗಂಡಸರನ್ನು ಕೇಳಿ ನೋಡಿ. ಹುಡುಗಿಯನ್ನು ಕೂರಿಸಿ ಏಳಿಸುವ ಹೆಂಗಸರಿಗೂ ಇದನ್ನು ಯಾರಾದರೂ ಓದಿ ಹೇಳಬೇಕು.

ನಮ್ಮ ಕಥೆಯ ಸಂಗತಿಗೆ ಬರೋಣ. ಅದರ ಟೈಲರ್ ಹೆಣ್ಣಿಗೆ ಮಾದರಿಯಾದ ನೆಂಟರಾಕೆಗೆ ಪತ್ರಿಕೆ ಕೊಟ್ಟಿದ್ದೆವು. ಆಕೆಗೆ ಕನ್ನಡ ಓದುವುದು ನಿಧಾನ. ಮೊದಲು ಚಿತ್ರ ನೋಡಿದಳು. "ಯೇ ಕೌನ್ ಆಪಾ?" ಎಂದಳು. ನೀನೇ ಎನ್ನಲು ನಮಗೆ ಬಾಯಿ ಬರಲಿಲ್ಲ. ಅವಳು ಚಿತ್ರದ ಮೇಲೆ ಅಳತೆ ಟೇಪು ಇಟ್ಟು ನೋಡಿ, ಈ ಸೊಂಟಕ್ಕೆ ಅರ್ಧ ಮೀಟರು ಬಟ್ಟೆ ಸಾಕು, ಕೂಲಿಯೂ ಹುಟ್ಟುವುದಿಲ್ಲ ಎಂದು ನಕ್ಕಳು. ಆಮೇಲೆ ಕಥೆಯನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಗುಮಾಸ್ತ ಟೊಮೆಟೊ ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಂಡು, ಇವಳ ಮನೆಯ ಮೆಟ್ಟಿಲ ಮೇಲೆ ಕೂತು ಊಟ ಕೇಳುವ ಜಾಗ ಬಂದಾಗ ತಿರುಗಿ ಮೊದಲಿನಿಂದ ಓದಿದಳು. ಪತ್ರಿಕೆ ವಾಪಸು ಕೊಡಲಿಲ್ಲ.

ಹೊಸ ಕಥೆ ಬರೆದು ಮುಗಿದಿದೆ. ಇದರ ನಾಯಕಿ ಇನ್ನೂ ಐದು ಕೆ.ಜಿ. ಹೆಚ್ಚು. ಚಿತ್ರ ಬರೆಯುವುದಾದರೆ ಕಥೆಯಲ್ಲಿ ಇರುವಂತೆ ಬರೆಯಬೇಕು, ಆಗದಿದ್ದರೆ ಹೊಲಿಗೆ ಯಂತ್ರವೊಂದನ್ನೇ ಬರೆಯಿರಿ ಎಂದು ಸಂಪಾದಕರಿಗೆ ಪತ್ರ ಹಾಕಿದ್ದೇವೆ. ಮೂರು ವಾರವಾಯಿತು, ಉತ್ತರ ಬಂದಿಲ್ಲ.